ಮಕ್ಕಳ ಊಟದ ಬಗ್ಗೆ ಹೆತ್ತವರಿಗೆ ಒಂದು ಹಾಳೆಯ ಸೂಚನೆ: ಕರಡು ಹಾಕಿದ್ದೀನಿ, ಮುಲಾಜಿಲ್ಲದೆ ತಿದ್ದಿ

ಒಂದೇಹಾಳೆ
1ರಿಂದ 5 ವರ್ಷದ ಮಕ್ಕಳ ಅಪ್ಪ-ಅಮ್ಮಂದಿರಿಗೆ ಹಂಚೋಕೆ ಊಟದ ಅಭ್ಯಾಸದ ಬಗ್ಗೆ ಒಂದು ಹಾಳೆ ತಯಾರಾಗ್ತಿದೆ. ಒಂದೇ ಹಾಳೆ. ಅದಕ್ಕಿಂತ ಉದ್ದ ಆದ್ರೆ ಮಡಚಿ ಜೇಬಿಗೆ ಹಾಕ್ಕೊಂಡು ಮರೆತುಬಿಡ್ತಾರೆ. ಕರಡು ಇಷ್ಟು:

1. ದಿನಕ್ಕೆ ಮೂರು ಊಟ, ಎರಡು ಸಲ ಸಣ್ಣ ತಿಂಡಿ, ಹೊತ್ತುಹೊತ್ತಿಗೆ.
2. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಹಣ್ಣು.
3. ದಿನಕ್ಕೆ ಮೂರು ಲೋಟ ಹಾಲು.
4. ಬಡಿಸಿದ್ದನ್ನ ಪೂರ್ತಿ ಮುಗಿಸೋ ಅಭ್ಯಾಸ ಮಾಡಿಸಿ.
5. ತರಕಾರಿ ತಿಂದ್ರೆ ಮಾತ್ರ ಸಿಹಿ.
6. ಊಟದ ಹೊತ್ತಲ್ಲಿ ಟೀವಿ, ಮೊಬೈಲ್ ಬೇಡ.

ಬರೋ ದೂರು ಹೆಚ್ಚುಕಮ್ಮಿ ಒಂದೇ: "ಏನೂ ತಿನ್ನಲ್ಲ". ಈ ಹಾಳೆ ಅದಕ್ಕೆ ಉತ್ತರ ಕೊಡಬೇಕು. ಏನು ತಪ್ಪಿದೆ, ಏನು ಬಿಟ್ಟುಹೋಗಿದೆ ಹೇಳಿ.

ತುತ್ತುಗಾರ
4, 5 ಎರಡೂ ಹೊಡೆದುಹಾಕಿ. ಮಿಕ್ಕಿದ್ದು ಆಮೇಲೆ.

ತರ್ಕತಿಮ್ಮ
ಯಾಕೆ ಸಾರ್ ಹೊಡೆದುಹಾಕ್ಬೇಕು? ಕಾರಣ ಹೇಳದೆ ಕೆಂಪು ಶಾಯಿ ಎಳೀಬೇಡಿ. ತಟ್ಟೇಲಿ ಬಿಟ್ಟು ಎದ್ದುಹೋಗೋದನ್ನ ಮೂರನೇ ವರ್ಷಕ್ಕೇ ಒಪ್ಪಿಕೊಂಡ್ರೆ ಅನ್ನದ ಬೆಲೆ ಗೊತ್ತಾಗೋದು ಯಾವಾಗ?

ಬೆಳವಣಿಗೆರೇಖೆ
ಕಾರಣಕ್ಕೆ ಮುಂಚೆ ಒಂದು ಲೆಕ್ಕ. "ಏನೂ ತಿನ್ನಲ್ಲ" ಅನ್ನೋ ದೂರು ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬಿದ ಮೇಲೆ ಶುರುವಾಗುತ್ತೆ. ಹುಟ್ಟುವಾಗ 3 ಕೆಜಿ ಇದ್ದ ಮಗು ಐದಾರು ತಿಂಗಳಿಗೆ 6 ಕೆಜಿ, ವರ್ಷಕ್ಕೆ 9 ಕೆಜಿ ಆಸುಪಾಸು ಇರುತ್ತೆ. ಅಂದ್ರೆ ಒಂದು ವರ್ಷದಲ್ಲಿ 6 ಕೆಜಿ ಏರಿಕೆ. ಎರಡನೇ ವರ್ಷ ಪೂರ್ತಿ ಸೇರಿ ಏರೋದು ಎರಡರಿಂದ ಎರಡೂವರೆ ಕೆಜಿ. ಅಲ್ಲಿಂದಾಚೆ ವರ್ಷಕ್ಕೆ ಸುಮಾರು 2 ಕೆಜಿ. ಬೆಳೆಯೋ ವೇಗ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಹಸಿವು ಮೊದಲಿನ ಹಾಗೇ ಇರ್ಬೇಕು ಅಂದ್ರೆ ಹೇಗೆ? ಮಗುವಿನ ಹಸಿವು ಸರಿಯಾಗೇ ಇದೆ, ಅಮ್ಮನ ಕೈಯಲ್ಲಿರೋ ಅಳತೆ ಹಳೇದು.

ಇದನ್ನ ಹಾಳೆಯ ಮೊದಲ ಸಾಲಾಗಿ ಹಾಕಿ. ಅರ್ಧ ಆತಂಕ ಅಲ್ಲೇ ಇಳಿಯುತ್ತೆ.

ಬಡಿಸೋ ಅಳತೆಗೆ ಚಾಲ್ತಿಯಲ್ಲಿರೋ ಅಂದಾಜು: ಪ್ರತಿ ಪದಾರ್ಥಕ್ಕೂ ವಯಸ್ಸಿನ ಒಂದೊಂದು ವರ್ಷಕ್ಕೆ ಒಂದು ದೊಡ್ಡ ಚಮಚ. ಎರಡು ವರ್ಷದ ಮಗುವಿಗೆ ಎರಡು ಚಮಚ ಅನ್ನ, ಎರಡು ಚಮಚ ಬೇಳೆ, ಎರಡು ಚಮಚ ತರಕಾರಿ. ಅದು ಶುರು ಮಾಡೋ ಅಳತೆ. ಮಗು ಇನ್ನೂ ಬೇಕು ಅಂದ್ರೆ ಕೊಡೋದು, ಬೇಡ ಅಂದ್ರೆ ಬಿಡೋದು. ದೊಡ್ಡವರ ತಟ್ಟೆಯ ಅರ್ಧ ಬಡಿಸಿ "ಮುಗಿಸು" ಅಂದ್ರೆ ಸೋಲು ಬಡಿಸಿದಾಗಲೇ ಖಚಿತ.

ತುತ್ತುಗಾರ
@ತರ್ಕತಿಮ್ಮ ಅನ್ನದ ಬೆಲೆ ಕಲಿಸೋಕೆ ಕಡಿಮೆ ಬಡಿಸಿ. ಬೇಕಾದ್ರೆ ಮತ್ತೆ ಕೇಳಲಿ. ಹೊಟ್ಟೆ ತುಂಬಿದೆ ಅಂತ ಒಳಗಿಂದ ಬರೋ ಸೂಚನೆಯನ್ನ ಪಕ್ಕಕ್ಕೆ ತಳ್ಳಿ "ತಟ್ಟೆ ಖಾಲಿಯಾದಾಗ ಊಟ ಮುಗೀತು" ಅಂತ ಕಲಿಸಿದ್ರೆ, ಮುಂದೆ ತಟ್ಟೆ ದೊಡ್ಡದಾದಾಗಲೂ ಖಾಲಿ ಮಾಡೋದೇ ಅಭ್ಯಾಸ ಆಗುತ್ತೆ.

ಬಲವಂತ ಕೆಲಸ ಮಾಡಲ್ಲ ಅನ್ನೋದಕ್ಕೆ ಪ್ರಯೋಗವೂ ಇದೆ. 2006ರಲ್ಲಿ ಪ್ರಕಟವಾದದ್ದು, ಶಾಲೆಗೆ ಹೋಗೋ ಮುಂಚಿನ ವಯಸ್ಸಿನ ಮಕ್ಕಳ ಮೇಲೆ ಮಾಡಿದ್ದು. ಎರಡು ಬಗೆ ಸೂಪ್. ಒಂದನ್ನ ಕೊಟ್ಟು "ಮುಗಿಸು, ಮುಗಿಸು" ಅಂತ ಹೇಳ್ತಾ ಹೋದ್ರು, ಇನ್ನೊಂದನ್ನ ಕೊಟ್ಟು ಸುಮ್ಮನಿದ್ರು. ಸುಮ್ಮನೆ ಬಿಟ್ಟ ಸೂಪನ್ನೇ ಮಕ್ಕಳು ಹೆಚ್ಚು ಕುಡಿದ್ರು. ಒತ್ತಾಯ ಮಾಡಿದ ಸೂಪಿನ ಬಗ್ಗೆ ಗೊಣಗಾಟವೂ ಜಾಸ್ತಿ.

ಕಡೆಬೆಂಚು
ಅದೇ ಪ್ರಯೋಗ ಗಂಡಂದಿರ ಮೇಲೂ ಮಾಡ್ಬೇಕಿತ್ತು.

ಚಮಚಪುರಾಣ
ಐದನೇ ಅಂಶದಲ್ಲಿರೋ ತೊಂದರೆ ಹೇಳ್ತೀನಿ. "ಬೀನ್ಸ್ ತಿಂದ್ರೆ ಐಸ್‌ಕ್ರೀಮ್" ಅಂದಾಗ ಮಗುವಿಗೆ ಎರಡು ಪಾಠ ಒಟ್ಟಿಗೆ ಹೋಗುತ್ತೆ. ಬೀನ್ಸ್ ಅನ್ನೋದು ಕೂಲಿ ಕೊಟ್ಟು ತಿನ್ನಿಸಬೇಕಾದ ಕೆಟ್ಟ ಕೆಲಸ, ಐಸ್‌ಕ್ರೀಮ್ ಅನ್ನೋದು ಬಹುಮಾನ. ಆ ಹೊತ್ತಿಗೆ ನಾಲ್ಕು ಚೂರು ಬೀನ್ಸ್ ಒಳಗೆ ಹೋಗುತ್ತೆ ನಿಜ. ಇಷ್ಟ ಮಾತ್ರ ಕಡಿಮೆಯಾಗುತ್ತೆ. ಮಕ್ಕಳ ಊಟದ ಅಭ್ಯಾಸ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಲೀಯಾನ್ ಬರ್ಚ್ ಮತ್ತವರ ಸಂಗಡಿಗರು 1980ರ ದಶಕದಲ್ಲೇ ಇದನ್ನ ತೋರಿಸಿದ್ರು.

ಸಿಹಿ ಕೊಡೋ ದಿನ ಅದನ್ನ ಊಟದ ಜೊತೆಗೇ, ಒಂದೇ ಒಂದು ಸಣ್ಣ ತುಂಡು, ತಟ್ಟೆಯ ಪಕ್ಕದಲ್ಲಿಡಿ. ಮೊದಲು ಅದನ್ನೇ ತಿನ್ನಲಿ ಬಿಡಿ. ಎರಡನೇ ತುಂಡು ಇಲ್ಲ. ಶುರುವಿನ ಕೆಲವು ದಿನ ಅದರ ಮೇಲೇ ಕಣ್ಣು ಇರುತ್ತೆ, ಆಮೇಲೆ ಅದೂ ತಟ್ಟೆಯಲ್ಲಿರೋ ಇನ್ನೊಂದು ಪದಾರ್ಥ ಆಗುತ್ತೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಸೇರಿಸಿದ್ದು ಬೇಡವೇ ಬೇಡ, ಆ ವಯಸ್ಸಿಗೆ ಈ ಪ್ರಶ್ನೆಯೇ ಬರಲ್ಲ.

ತರ್ಕತಿಮ್ಮ
ಮುಗಿಸೋ ಹಾಗಿಲ್ಲ, ಆಸೆ ತೋರಿಸೋ ಹಾಗಿಲ್ಲ. ಹಾಗಾದ್ರೆ ಹೆತ್ತವರಿಗೆ ಕೆಲಸ ಏನು? ಕೈಕಟ್ಟಿ ಕೂರೋದಾ? ಮಗುವಿನ ಕೈಗೆ ಬಿಟ್ರೆ ಮೂರು ಹೊತ್ತೂ ಬಿಸ್ಕತ್ತೇ.

ತುತ್ತುಗಾರ
ಬಿಸ್ಕತ್ತು ಮೇಜಿನ ಮೇಲೆ ಬಂದದ್ದು ಹೇಗೆ ಸಾರ್? ಮಗು ಹೋಗಿ ತಂದಿದ್ದಾ?

ಎಲಿನ್ ಸ್ಯಾಟರ್ ಅನ್ನೋ ಆಹಾರ ತಜ್ಞೆ ಹೊಣೆಯನ್ನ ಚೆನ್ನಾಗಿ ಹಂಚಿಕೊಟ್ಟಿದ್ದಾರೆ. ಏನು ಬಡಿಸೋದು, ಯಾವಾಗ, ಎಲ್ಲಿ ಅನ್ನೋ ಮೂರು ದೊಡ್ಡವರ ಹೊಣೆ. ತಿನ್ನೋದೋ ಬಿಡೋದೋ, ಎಷ್ಟು ಅನ್ನೋ ಎರಡು ಮಗುವಿನದು. ದೊಡ್ಡವರು ತಮ್ಮ ಮೂರನ್ನ ಸಡಿಲ ಬಿಟ್ಟು (ಕೇಳಿದಾಗೆಲ್ಲ ಬಿಸ್ಕತ್ತು, ಓಡಾಡ್ತಾ ಊಟ) ಮಗುವಿನ ಎರಡಕ್ಕೆ ಕೈ ಹಾಕ್ತಾರೆ. ಜಗಳ ಹುಟ್ಟೋದೇ ಅಲ್ಲಿ. ಈ ಹಾಳೆಯ ಬೆನ್ನೆಲುಬು ಇದೇ ಆಗ್ಬೇಕು ಅನ್ನೋದು ನನ್ನ ಪಟ್ಟು.

ಅರಿವಿನಂಗಳ
ಇದಕ್ಕೆ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ ಮಾಡಿದ ಪ್ರಯೋಗ ಸೇರಿಸಿ. 15 ಶಿಶುಗಳಿಗೆ ತಮಗೆ ಬೇಕಾದ್ದನ್ನೇ ಆರಿಸಿ ತಿನ್ನೋಕೆ ಬಿಟ್ರು, ಎಲ್ಲಾ ಚೆನ್ನಾಗಿ ಬೆಳೆದ್ರು. ಮಕ್ಕಳಿಗೆ ಏನು ಬೇಕು ಅನ್ನೋದು ಅವರ ಮೈಗೇ ಗೊತ್ತು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಬೆಳವಣಿಗೆರೇಖೆ
@ಅರಿವಿನಂಗಳ ಅರ್ಧ ಮಾತ್ರ ಹೇಳಿದ್ರಿ. ಡೇವಿಸ್ ಮೊದಲ ವರದಿ ಬಂದದ್ದು 1928ರಲ್ಲಿ, ಸಮಗ್ರವಾಗಿ ಹೇಳಿದ್ದು 1939ರಲ್ಲಿ. ಮಕ್ಕಳ ಮುಂದೆ ಇಡ್ತಿದ್ದ ಪದಾರ್ಥಗಳ ಪಟ್ಟಿಯಲ್ಲಿ ಇದ್ದದ್ದು 34: ಹಾಲು, ಮೊಟ್ಟೆ, ಮಾಂಸ, ಮೀನು, ಧಾನ್ಯ, ತರಕಾರಿ, ಹಣ್ಣು. ಸಕ್ಕರೆ ಇಲ್ಲ, ಕರಿದದ್ದು ಇಲ್ಲ, ಪೊಟ್ಟಣದ ತಿಂಡಿ ಇಲ್ಲ. ಗುಟ್ಟು ಇರೋದು ಆ ಪಟ್ಟಿಯಲ್ಲೇ ಅಂತ ಅವರೇ ಬರೆದಿದ್ದಾರೆ. ಮಗು ಏನು ಆರಿಸಿದ್ರೂ ಕೆಡುಕಾಗದ ಹಾಗೆ ಮೊದಲೇ ಆರಿಸಿಟ್ಟದ್ದು ದೊಡ್ಡವರು. ತುತ್ತುಗಾರರು ಮೇಲೆ ಹೇಳಿದ ಹಂಚಿಕೆಗೆ ಇದು ಸಾಕ್ಷಿ. "ಬಿಟ್ಟುಬಿಡಿ, ಮಗುವಿಗೆ ಗೊತ್ತು" ಅನ್ನೋದಕ್ಕೆ ಅಲ್ಲ.

ತರ್ಕತಿಮ್ಮ
ಸರಿ, ಇದು ಒಪ್ಪೋ ಮಾತು. ಆದ್ರೆ "ಯಾವಾಗ" ಅನ್ನೋದನ್ನ ಬಿಡಿಸಿ ಹೇಳಿ. "ಹೊತ್ತುಹೊತ್ತಿಗೆ" ಅಂದ್ರೆ ಹಾಳೆ ಓದಿದವರಿಗೆ ಏನೂ ತಿಳಿಯಲ್ಲ.

ಚಮಚಪುರಾಣ
ಒಂದು ಊಟದಿಂದ ಇನ್ನೊಂದು ತಿಂಡಿಗೆ ಎರಡೂವರೆಯಿಂದ ಮೂರು ಗಂಟೆ. ನಡುವೆ ನೀರು ಬಿಟ್ಟು ಬೇರೇನೂ ಇಲ್ಲ. ಈ "ಬೇರೇನೂ ಇಲ್ಲ" ಅನ್ನೋದರಲ್ಲೇ ಎಲ್ಲರೂ ಎಡವೋದು. ಎರಡು ಬಿಸ್ಕತ್ತು, ಅರ್ಧ ಲೋಟ ಹಾಲು, ಯಾರೋ ಕೈಗಿಟ್ಟ ಬಾಳೆಹಣ್ಣು, ಇವು ಯಾರ ಲೆಕ್ಕಕ್ಕೂ ಬರಲ್ಲ, ಮಗುವಿನ ಹೊಟ್ಟೆಯ ಲೆಕ್ಕಕ್ಕೆ ಬರುತ್ತೆ. ದಿನವಿಡೀ ಮೇಯೋ ಮಗುವಿಗೆ ಪೂರ್ತಿ ಹಸಿವೂ ಇಲ್ಲ, ಪೂರ್ತಿ ತೃಪ್ತಿಯೂ ಇಲ್ಲ.

ಊಟಕ್ಕೆ 20ರಿಂದ 30 ನಿಮಿಷ, ತಿಂಡಿಗೆ 10-15. ಗಂಟೆಗಟ್ಟಲೆ ಹಿಂದೆ ಅಲೆದು ತಿನ್ನಿಸಿದ್ರೂ ಮೊದಲ ಅರ್ಧ ಗಂಟೆ ಆದ ಮೇಲೆ ಒಳಗೆ ಹೋಗೋದು ತೀರಾ ಕಡಿಮೆ.

ತಟ್ಟೆ ತಳ್ಳಿದಾಗ ಏನು ಮಾಡೋದು ಅನ್ನೋದನ್ನ ಹಾಳೆಯಲ್ಲಿ ಮಾತಿನ ರೂಪದಲ್ಲೇ ಕೊಡಿ, ಹೆತ್ತವರಿಗೆ ಆ ಕ್ಷಣಕ್ಕೆ ನಾಲಿಗೆಗೆ ಏನೂ ಬರಲ್ಲ. ಮಗು "ಬೇಡ" ಅನ್ನುತ್ತೆ. ದೊಡ್ಡವರು: "ಸರಿ, ತಿನ್ನಬೇಡ. ನಮ್ಮ ಜೊತೆ ಐದು ನಿಮಿಷ ಕೂತಿರು." ಬೇರೆ ಮಾತು ಶುರು. ಐದು ನಿಮಿಷದಲ್ಲಿ ಮಗುವಿನ ಕೈ ಎಷ್ಟೋ ಸಲ ತಾನೇ ತಟ್ಟೆಗೆ ಹೋಗುತ್ತೆ. ಹೋದದ್ದನ್ನ ನೋಡಿ ಚಪ್ಪಾಳೆ ತಟ್ಟಬೇಡಿ, ತಟ್ಟಿದ್ರೆ ಕೈ ಹಿಂದೆ ಬಂತು ಅಂತಲೇ ಲೆಕ್ಕ. ಹೋಗಲಿಲ್ಲವಾ? "ಊಟ ಮುಗೀತು, ಮುಂದಿನದು ನಿದ್ದೆ ಆದ ಮೇಲೆ." ತಟ್ಟೆ ಎತ್ತಿ. ಹತ್ತು ನಿಮಿಷಕ್ಕೆ ಬಂದು "ಹಸಿವು" ಅಂದ್ರೆ ನೀರು ಕೊಡಿ, ಮುಂದಿನ ತಿಂಡಿ ಯಾವಾಗ ಅಂತ ಹೇಳಿ, ಹೇಳಿದ ಹೊತ್ತಿಗೆ ಕೊಡಿ. ಬೈಗುಳ ಬೇಡ, "ಆಗಲೇ ತಿನ್ನಬೇಕಿತ್ತು" ಅನ್ನೋ ಚುಚ್ಚುಮಾತೂ ಬೇಡ.

ಸಂಜೆಮಲ್ಲಿಗೆ
ಇದನ್ನೇ ಹೇಳಿದ್ರೆ "ಮಗುವನ್ನ ಉಪವಾಸ ಕೆಡವ್ತೀರಾ" ಅಂತ ಮನೆಯ ಹಿರಿಯರು ಎಗರಿ ಬೀಳ್ತಾರೆ. ಹಾಳೆ ಅವರಿಗೂ ಸೇರಿಸಿ ಬರೀರಿ. ಅಪ್ಪ-ಅಮ್ಮ ಮಾತ್ರ ಓದಿದ್ರೆ ಉಪಯೋಗ ಇಲ್ಲ.

ತುತ್ತುಗಾರ
ಹಿರಿಯರಿಗೆ ಕೆಲಸ ಕೊಡಿ. "ತಿನ್ನಿಸಬೇಡಿ" ಅಂದ್ರೆ ಮುನಿಸು, "ನಾಲ್ಕು ಗಂಟೆಯ ತಿಂಡಿ ನಿಮ್ಮದೇ, ಈ ಮೂರರಲ್ಲಿ ಯಾವುದಾದ್ರೂ ಕೊಡಿ" ಅಂದ್ರೆ ಖುಷಿ. ಪ್ರೀತಿಗೆ ಒಂದು ಹೊತ್ತು ಸಿಕ್ಕಿದ ಹಾಗಾಯ್ತು.

ಇನ್ನೊಂದು: ಪ್ರತಿ ಊಟದಲ್ಲೂ ಮಗು ಖಂಡಿತ ತಿನ್ನೋ ಪದಾರ್ಥ ಒಂದಾದ್ರೂ ಮೇಜಿನ ಮೇಲೆ ಇರಲಿ. ಬರೀ ಅನ್ನವೋ, ಮೊಸರೋ. ಆಗ ಉಪವಾಸದ ಮಾತೇ ಬರಲ್ಲ, ಬೇರೆ ಅಡುಗೆ ಮಾಡೋ ಕಾಟವೂ ಇಲ್ಲ.

ಒಂದೇಹಾಳೆ
4, 5 ತೆಗೆದೆ. ಹೊಣೆ ಹಂಚಿಕೆ ಮೇಲಕ್ಕೆ ಬಂತು. ಈಗ 2 ಮತ್ತು 3 ನೋಡಿ.

ಬೆಳವಣಿಗೆರೇಖೆ
3 ಅಪಾಯಕಾರಿ. ಮೂರು ಲೋಟ ಅಂದ್ರೆ 600ರಿಂದ 750 ಮಿಲಿ. ಆ ಪುಟ್ಟ ಹೊಟ್ಟೆಗೆ ಅಷ್ಟು ಹಾಲು ಹೋದ್ರೆ ಊಟಕ್ಕೆ ಜಾಗ ಎಲ್ಲಿ? ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಮೇಲಾಗಿ ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣ ಹೀರಿಕೆಯನ್ನೂ ತಡೆಯುತ್ತೆ. ಹಾಲು ಹೆಚ್ಚಾಗಿ ರಕ್ತಹೀನತೆ, ರಕ್ತಹೀನತೆಯಿಂದ ಹಸಿವಿಲ್ಲ, ಹಸಿವಿಲ್ಲ ಅಂತ ಮತ್ತಷ್ಟು ಹಾಲು. ಈ ಸುಳಿಗೆ ಸಿಕ್ಕ ಮಕ್ಕಳು ಗುಂಡುಗುಂಡಾಗೇ ಕಾಣಬಹುದು, ಅದಕ್ಕೇ ಯಾರಿಗೂ ಅನುಮಾನ ಬರಲ್ಲ.

ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿ ಸಾಕು, ಅದರಲ್ಲೂ ಮೊಸರು ಎಲ್ಲಾ ಸೇರಿ. ಒಂದು ವರ್ಷದೊಳಗೆ ಹಸುವಿನ ಹಾಲನ್ನ ಮುಖ್ಯ ಪಾನೀಯವಾಗಿ ಕೊಡೋ ಹಾಗಿಲ್ಲ.

ಇಳಿಸೋದು ಹೇಗೆ: ಬಾಟಲಿಯಿಂದ ಲೋಟಕ್ಕೆ ಬದಲಾಯಿಸಿದ್ರೆ ಅರ್ಧ ಸಮಸ್ಯೆ ತಾನೇ ಹೋಗುತ್ತೆ, ಬಾಟಲಿಯಲ್ಲಿ ಎಳೆದಷ್ಟು ಲೋಟದಲ್ಲಿ ಕುಡಿಯಲ್ಲ. ಇನ್ನೂ ಹೆಚ್ಚಿದ್ರೆ ಪ್ರತಿ ಎರಡು ದಿನಕ್ಕೊಮ್ಮೆ 50 ಮಿಲಿ ಕಡಿಮೆ ಮಾಡ್ತಾ ಬನ್ನಿ. ಹಾಲು ಊಟಕ್ಕೆ ಮುಂಚೆ ಬೇಡ, ಊಟದ ಕೊನೆಗೋ ತಿಂಡಿಯ ಜೊತೆಗೋ ಇರಲಿ. ರಾತ್ರಿ ನಿದ್ದೆಗಣ್ಣಲ್ಲಿ ಕುಡಿಯೋ ಹಾಲನ್ನ ಮೊದಲು ನಿಲ್ಲಿಸಿ, ಬೆಳಗಿನ ಹಸಿವನ್ನ ನುಂಗೋದು ಅದೇ.

ಹಲ್ಲುನೋವು
ರಾತ್ರಿ ಬಾಟಲಿ ಬಗ್ಗೆ ನನ್ನದೂ ಒಂದು ಕೂಗು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿಗೆ ಅಂಟಿಕೊಂಡೇ ಇರುತ್ತೆ. ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹೋಗುತ್ತೆ. ಒಸಡಿನ ಅಂಚಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡ್ರೆ ಹುಳುಕು ಶುರುವಾಗಿದೆ ಅಂತ ಅರ್ಥ, ಕಪ್ಪಾಗೋವರೆಗೆ ಕಾಯಬೇಡಿ. ಒಂದೂವರೆ ವರ್ಷದೊಳಗೆ ಬಾಟಲಿ ಪೂರ್ತಿ ಹೋಗ್ಬೇಕು.

ಸಿಹಿಯ ವಿಷಯದಲ್ಲೂ ಎಷ್ಟು ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದು ಹಲ್ಲಿಗೆ ಮುಖ್ಯ. ಪ್ರತಿ ಸಲ ಸಿಹಿ ಬಾಯಿಗೆ ಹೋದಾಗ ಅರ್ಧ ಗಂಟೆಯ ಹತ್ತಿರ ಆಮ್ಲದ ದಾಳಿ. ಒಂದು ತುಂಡನ್ನ ಊಟದ ಜೊತೆ ತಿಂದು ಮುಗಿಸಿದ್ರೆ ಒಂದೇ ದಾಳಿ. ಅದನ್ನೇ ಮಧ್ಯಾಹ್ನವಿಡೀ ಚೀಪಿದ್ರೆ ಲೆಕ್ಕವೇ ಇಲ್ಲ.

ಅರಿವಿನಂಗಳ
ಹಾಲು ಬೇಡ ಅಂದ್ರೆ ಹಣ್ಣಿನ ರಸ ಕೊಡಬಹುದಲ್ಲ? ಮನೆಯಲ್ಲೇ ಹಿಂಡಿದ್ದು, ಸಕ್ಕರೆ ಹಾಕದ್ದು.

ಹಲ್ಲುನೋವು
ಹಿಂಡಿದ್ದು ಎಲ್ಲಿ ಅಂತ ಹಲ್ಲು ಕೇಳಲ್ಲ.

ಲೇಬಲ್‌ಓದುಗ
ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೇಳಿದ್ದು: ವರ್ಷದೊಳಗೆ ರಸ ಬೇಡ, 1ರಿಂದ 3 ವರ್ಷಕ್ಕೆ ದಿನಕ್ಕೆ ಹೆಚ್ಚೆಂದ್ರೆ 120 ಮಿಲಿ. ಕೊಡಲೇಬೇಕು ಅಂತಲ್ಲ, ಅದು ಮೇಲಿನ ಗಡಿ. ಒಂದು ಲೋಟ ರಸಕ್ಕೆ ಮೂರು ಕಿತ್ತಳೆ ಬೇಕು, ಕೂತು ಮೂರು ಕಿತ್ತಳೆ ತಿನ್ನೋ ಮಗು ಎಲ್ಲಿದೆ? ನಾರು ಹೋಗಿ ಸಿಹಿ ಮಾತ್ರ ಉಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಕ್ಕರೆ ಮಾರ್ಗಸೂಚಿಯೂ ಹಣ್ಣಿನ ರಸದ ಸಕ್ಕರೆ, ಜೇನುತುಪ್ಪದ ಸಕ್ಕರೆ ಎರಡನ್ನೂ ಚಮಚದಲ್ಲಿ ಹಾಕೋ ಸಕ್ಕರೆಯ ಗುಂಪಿಗೇ ಸೇರಿಸುತ್ತೆ. ಇಡೀ ಹಣ್ಣಿನದನ್ನ ಸೇರಿಸಲ್ಲ.

ಪೊಟ್ಟಣದ್ದು ಕೊಳ್ಳುವಾಗ: ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತೆ. ಮೊದಲ ಮೂರರಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಹಣ್ಣಿನ ರಸದ ಸಾಂದ್ರೀಕೃತ ರೂಪ ಯಾವುದಿದ್ರೂ ಅದು ಸಿಹಿತಿಂಡಿಯೇ, ಮೇಲೆ ಎಂಥ ಆರೋಗ್ಯದ ಚಿತ್ರ ಇದ್ರೂ. 4 ಗ್ರಾಂ ಅಂದ್ರೆ ಒಂದು ಸಣ್ಣ ಚಮಚ, ಹಾಗೆ ಭಾಗಿಸಿ ನೋಡಿ.

ಬೆಳವಣಿಗೆರೇಖೆ
ಜೇನುತುಪ್ಪದ ಮಾತು ಬಂತಲ್ಲ: 12 ತಿಂಗಳೊಳಗೆ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣು ಶಿಶುವಿನ ಕರುಳಲ್ಲಿ ಮೊಳೆತು ವಿಷ ಉಂಟುಮಾಡಬಹುದು. ಕುದಿಸಿದ್ರೂ ಆ ಬೀಜಾಣು ಸಾಯಲ್ಲ.

ಚಮಚಪುರಾಣ
ಅಂಶ 2: ಅರ್ಧ ತಟ್ಟೆ ತರಕಾರಿ ಅನ್ನೋದು ದೊಡ್ಡವರ ಲೆಕ್ಕ. ಎರಡು ವರ್ಷದೊಳಗಿನ ಮಗುವಿಗೆ ಹೊಂದಲ್ಲ. ತರಕಾರಿಯಲ್ಲಿ ನೀರು, ನಾರು ಹೆಚ್ಚು, ಶಕ್ತಿ ಕಡಿಮೆ. ಹೊಟ್ಟೆ ಬೇಗ ತುಂಬಿ ತೂಕ ಏರೋದು ನಿಂತೀತು. ಎಣ್ಣೆ, ಬೆಣ್ಣೆ, ಕೆನೆ ಇರೋ ಹಾಲು ಈ ವಯಸ್ಸಲ್ಲಿ ಬೇಕೇಬೇಕು. ಎರಡರಿಂದ ಐದರ ನಡುವೆ ನಿಧಾನವಾಗಿ ದೊಡ್ಡವರ ತಟ್ಟೆಯ ಹಂಚಿಕೆಗೆ ಬನ್ನಿ.

ಸಂಜೆಮಲ್ಲಿಗೆ
ಅರ್ಧ ತಟ್ಟೆ ಇರಲಿ, ಒಂದು ಚೂರು ತಿನ್ನಿಸೋದು ಹೇಗೆ ಅಂತ ಹೇಳಿ ಮೇಡಂ. ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಇದೇ.

ಚಮಚಪುರಾಣ
ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರದ ಭಯ ಅತಿ ಹೆಚ್ಚು. ಅದು ಬೆಳವಣಿಗೆಯ ಒಂದು ಘಟ್ಟ, ಹಟ ಅಲ್ಲ. ನಿನ್ನೆವರೆಗೆ ತಿಂತಿದ್ದ ಕ್ಯಾರೆಟ್ಟನ್ನ ಉದ್ದಕ್ಕೆ ಹೆಚ್ಚೋ ಬದಲು ಗುಂಡಗೆ ಹೆಚ್ಚಿದ್ರೂ ಅದು ಆ ಮಗುವಿಗೆ ಹೊಸದೇ.

ಒಂದು ರುಚಿ ಒಗ್ಗೋಕೆ 8ರಿಂದ 15 ಸಲ ಬೇಕಾಗಬಹುದು. ಹೆತ್ತವರು ಮೂರು, ನಾಲ್ಕು, ಹೆಚ್ಚೆಂದ್ರೆ ಐದು ಸಲ ಕೊಟ್ಟು "ಇವನಿಗೆ ಇದು ಆಗಲ್ಲ" ಅಂತ ಕೈಬಿಡ್ತಾರೆ. ಹಾಳೆಯಲ್ಲಿ ಈ ಒಂದು ಅಂಕಿಯನ್ನ ದಪ್ಪಕ್ಷರದಲ್ಲಿ ಹಾಕಿ.

ಕ್ರಮ ಹೀಗೆ. ಒಂದು ವಾರಕ್ಕೆ ಒಂದೇ ಹೊಸ ತರಕಾರಿ. ಎರಡು ಮೂರು ದಿನಕ್ಕೊಮ್ಮೆ ಬರಲಿ. ಅಳತೆ ಬಟಾಣಿ ಕಾಳಿನಷ್ಟು, ಅದಕ್ಕಿಂತ ದೊಡ್ಡದು ಕಂಡ್ರೆ ಮಗು ಮೊದಲೇ ಬಾಗಿಲು ಹಾಕುತ್ತೆ. ಪಕ್ಕದಲ್ಲಿ ಇಷ್ಟದ ಪದಾರ್ಥ ಇರಲಿ, ಆದ್ರೆ ಎರಡೂ ಒಂದಕ್ಕೊಂದು ತಾಗದ ಹಾಗೆ. ಮೊದಲ ಕೆಲವು ಸಲ ತಟ್ಟೆಯಲ್ಲಿ ಇರೋಕೆ ಬಿಟ್ರೇ ಗೆಲುವು. ಆಮೇಲೆ ಮುಟ್ಟೋದು, ಮೂಸೋದು, ನಾಲಿಗೆ ತಾಗಿಸೋದು, ಕಚ್ಚಿ ಉಗುಳೋದು. ಉಗುಳೋಕೆ ಅಂತಲೇ ಒಂದು ಸಣ್ಣ ಬಟ್ಟಲು ಇಡಿ. ಉಗುಳಬಹುದು ಅನ್ನೋ ಧೈರ್ಯ ಇದ್ರೆ ಬಾಯಿಗೆ ಹಾಕಿಕೊಳ್ಳುತ್ತೆ.

"ರುಚಿಯಾಗಿದೆ, ತಿನ್ನು" ಅನ್ನಬೇಡಿ. "ಕಚ್ಚಿದ್ರೆ ಕಟಂ ಅಂತ ಸದ್ದು ಬರುತ್ತೆ", "ಸ್ವಲ್ಪ ಕಹಿ ಇದೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಕಹಿಯನ್ನ ಜೋರಾಗಿ ಗ್ರಹಿಸೋ ಮಕ್ಕಳು ನಿಜಕ್ಕೂ ಇದ್ದಾರೆ, ಅದು ಹುಟ್ಟಿನಿಂದ ಬಂದದ್ದು. ಅವರಿಗೆ ಎಲೆಕೋಸಿನ ಜಾತಿಯದನ್ನ ಎಣ್ಣೆ ಹಾಕಿ ಚೆನ್ನಾಗಿ ಹುರಿದು ಕೊಟ್ರೆ ಕಹಿ ತಗ್ಗುತ್ತೆ.

ಎಲ್ಲಕ್ಕಿಂತ ಸುಲಭದ್ದು: ತರಕಾರಿಯನ್ನ ಊಟಕ್ಕೆ ಹತ್ತು ನಿಮಿಷ ಮುಂಚೆ, ಹಸಿವು ಜೋರಾಗಿದ್ದಾಗ ಒಂದೇ ಇಡಿ. ಅನ್ನದ ಪಕ್ಕ ಇಟ್ರೆ ಅದು ಅನ್ನದ ಜೊತೆ ಸ್ಪರ್ಧೆ ಮಾಡ್ಬೇಕು, ಸೋಲುತ್ತೆ.

ಅರಿವಿನಂಗಳ
ಇಷ್ಟೆಲ್ಲ ಯಾಕೆ? ನುಣ್ಣಗೆ ಅರೆದು ಹಿಟ್ಟಿಗೋ ಸಾರಿಗೋ ಸೇರಿಸಿಬಿಟ್ರೆ ಗೊತ್ತೇ ಆಗಲ್ಲ.

ತುತ್ತುಗಾರ
ಒಳಗೆ ಹೋಗುತ್ತೆ, ಕಲಿಯೋದು ಮಾತ್ರ ಸೊನ್ನೆ. ಮಗು ಇಷ್ಟಪಟ್ಟದ್ದು ಹಿಟ್ಟನ್ನ, ಪಾಲಕನ್ನಲ್ಲ.

ಬೆಳವಣಿಗೆರೇಖೆ
ನಾನು ಅಷ್ಟು ಕಟ್ಟುನಿಟ್ಟಲ್ಲ. ಅರೆದು ಸೇರಿಸಿ, ಆದ್ರೆ ಬಚ್ಚಿಡಬೇಡಿ. ಮಗುವಿನ ಎದುರಿಗೇ ಹಾಕಿ, ಅದೇ ತರಕಾರಿಯ ಒಂದು ಚೂರು ಪಕ್ಕದಲ್ಲೂ ಇಡಿ. ಕದ್ದು ಹಾಕಿ ಸಿಕ್ಕಿಬಿದ್ರೆ ತರಕಾರಿ ಮಾತ್ರ ಅಲ್ಲ, ಅದನ್ನ ಅಡಗಿಸಿದ ಒಳ್ಳೇ ತಿನಿಸೂ ಕೈತಪ್ಪುತ್ತೆ. ನಾಲ್ಕೇ ಪದಾರ್ಥ ತಿನ್ನೋ ಮಗುವಿಗೆ ಅದು ದೊಡ್ಡ ನಷ್ಟ.

ಕಡೆಬೆಂಚು
ಒಂದು ಅಡ್ಡ ಪ್ರಶ್ನೆ. ಕುರ್ಚಿ ಬಗ್ಗೆ ಯಾರೂ ಮಾತೇ ಆಡಲಿಲ್ಲ. ದೊಡ್ಡವರ ಕುರ್ಚಿಯಲ್ಲಿ ಕೂತ ಮಗು ಎರಡು ನಿಮಿಷಕ್ಕೆ ಮಂಡಿಯೂರಿ, ನಾಲ್ಕನೇ ನಿಮಿಷಕ್ಕೆ ಮೇಜಿನ ಕೆಳಗಿರುತ್ತೆ. ಇದು ಊಟದ ಸಮಸ್ಯೆಯೋ ಬಡಗಿಯ ಸಮಸ್ಯೆಯೋ?

ಚಮಚಪುರಾಣ
ನಗಬೇಡಿ, ಬಡಗಿಯದೇ. ಕಾಲು ಗಾಳಿಯಲ್ಲಿ ತೂಗಾಡ್ತಿದ್ರೆ ಬೀಳದ ಹಾಗೆ ಕೂರೋದಕ್ಕೇ ಮಗುವಿನ ಗಮನವೆಲ್ಲ ಖರ್ಚು. ಪಾದ ಪೂರ್ತಿ ಊರೋಕೆ ಗಟ್ಟಿ ಪೆಟ್ಟಿಗೆಯೋ ಹಲಗೆಯೋ ಇರಲಿ. ಮಂಡಿ, ಸೊಂಟ ಎರಡೂ ಲಂಬಕೋನ. ಮೇಜಿನ ಅಂಚು ಮೊಣಕೈ ಮಟ್ಟಕ್ಕೆ, ಗಲ್ಲದ ಮಟ್ಟಕ್ಕಲ್ಲ. ಬೆನ್ನ ಹಿಂದೆ ಸುತ್ತಿದ ಟವೆಲ್ ಕೊಟ್ಟು ಮುಂದಕ್ಕೆ ತನ್ನಿ. ನೆಲದ ಮೇಲೆ ಕೂತು ಉಣ್ಣೋ ಮನೆಯಾದ್ರೆ ಈ ತಾಪತ್ರಯವೇ ಇಲ್ಲ. ಇದೊಂದೇ ಬದಲಾವಣೆಗೆ ಕೂರೋ ಹೊತ್ತು ಹೆಚ್ಚಾಗೋದನ್ನ ನೋಡಬಹುದು.

ಮೊಬೈಲ್ ಬಿಡಿಸೋದು ಇದಾದ ಮೇಲೆ. ಒಂದೇ ದಿನ ಎಲ್ಲಾ ಊಟಕ್ಕೂ ಕಿತ್ತುಕೊಂಡ್ರೆ ಮನೆ ರಣರಂಗ. ದಿನದ ಅತಿ ಸುಲಭದ ಊಟದಿಂದ ಶುರುಮಾಡಿ, ನಾಲ್ಕೈದು ದಿನ ಅಷ್ಟೇ, ಆಮೇಲೆ ಇನ್ನೊಂದು. ಶುರುವಿನ ದಿನಗಳಲ್ಲಿ ತಿನ್ನೋದು ಕಡಿಮೆಯಾಗುತ್ತೆ ಅಂತ ಮುಂಚೆಯೇ ಹೇಳಿ, ಇಲ್ಲಾಂದ್ರೆ ಎರಡನೇ ದಿನಕ್ಕೇ ಮೊಬೈಲ್ ವಾಪಸ್ ಬರುತ್ತೆ. ಅಂದಹಾಗೆ ದೊಡ್ಡವರ ಮೊಬೈಲೂ ಮೇಜಿನಿಂದ ಎದ್ದು ಹೋಗ್ಬೇಕು.

ತರ್ಕತಿಮ್ಮ
ಎಲ್ಲಾ ಸರಿ. ಆದ್ರೆ ನಿಜವಾಗ್ಲೂ ತೂಕ ಏರದ ಮಗುವಿಗೂ "ಎಷ್ಟು ತಿನ್ನೋದು ನಿನ್ನಿಷ್ಟ" ಅಂತ ಬಿಡೋದಾ? ಈ ಹಾಳೆ ಓದಿ ಯಾರಾದ್ರೂ ಕಾಯಿಲೆಯನ್ನ ಹಟ ಅಂದುಕೊಂಡು ಕೂತ್ರೆ?

ಬೆಳವಣಿಗೆರೇಖೆ
ಇಡೀ ಚರ್ಚೆಯಲ್ಲಿ ಕೇಳಬೇಕಿದ್ದ ಪ್ರಶ್ನೆ ಇದು. ಹಾಳೆಯ ಕೆಳಗೆ ಪೆಟ್ಟಿಗೆ ಕಟ್ಟಿ ಹಾಕಿ, ಈ ಕೆಳಗಿನ ಯಾವುದಿದ್ರೂ ವೈದ್ಯರ ಹತ್ತಿರ ಹೋಗಿ ಅಂತ: ಬೆಳವಣಿಗೆ ಚಾರ್ಟಿನಲ್ಲಿ (ವಯಸ್ಸಿಗೆ ತಕ್ಕ ಹಾಗೆ ತೂಕ, ಎತ್ತರ ಗುರುತು ಹಾಕೋ ರೇಖೆಗಳ ಹಾಳೆ) ಮಗು ತನ್ನ ರೇಖೆ ಬಿಟ್ಟು ಕೆಳಗಿನ ರೇಖೆಗಳನ್ನ ದಾಟಿ ಇಳಿಯುತ್ತಿದ್ರೆ. ಕುಡಿಯುವಾಗ, ನುಂಗುವಾಗ ಕೆಮ್ಮು ಬರ್ತಿದ್ರೆ. ತಿನ್ನೋ ಪದಾರ್ಥಗಳು 20ಕ್ಕಿಂತ ಕಡಿಮೆಯಿದ್ದು, ಬಿಟ್ಟದ್ದು ವಾಪಸ್ ಬರದೆ ಪಟ್ಟಿ ಕುಗ್ಗುತ್ತಲೇ ಇದ್ರೆ. ಒಂದಿಡೀ ಬಗೆಯನ್ನೇ, ಉದಾಹರಣೆಗೆ ಮೆತ್ತಗಿರೋದೆಲ್ಲವನ್ನ, ಬಿಟ್ಟಿದ್ರೆ. ಮಣ್ಣು, ಸುಣ್ಣ, ಕಾಗದ ತಿಂತಿದ್ರೆ. ಬಿಳಿಚಿಕೊಂಡು ಬೇಗ ಸುಸ್ತಾಗ್ತಿದ್ರೆ.

ಒಂದೇ ಒಂದು ದಿನದ ತೂಕದಿಂದ ಏನೂ ತಿಳಿಯಲ್ಲ. ಸಣ್ಣ ಮೈಕಟ್ಟಿನ ಮಗು ತನ್ನ ಕೆಳಗಿನ ರೇಖೆಯಲ್ಲೇ ನೆಟ್ಟಗೆ ಹೋಗ್ತಿದ್ರೆ ಅದು ಆರೋಗ್ಯವೇ.

ಮತ್ತೆ, ಮಲಬದ್ಧತೆ ಕೇಳೋದನ್ನ ಮರೀಬೇಡಿ. ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗೋ ಮಗುವಿಗೆ ಹಸಿವು ಎಲ್ಲಿಂದ ಬರ್ಬೇಕು? ಅದಕ್ಕೆ ಚಿಕಿತ್ಸೆ ಕೊಟ್ರೆ "ಏನೂ ತಿನ್ನಲ್ಲ" ಅನ್ನೋ ದೂರು ಎಷ್ಟೋ ಕಡೆ ತಾನಾಗೇ ಇಳಿಯುತ್ತೆ.

ತೂಕ ಕಡಿಮೆಯಿದ್ರೂ ಬಲವಂತ ಬೇಡ, ಅದೇ ತುತ್ತಿನ ಶಕ್ತಿ ಹೆಚ್ಚಿಸಿ. ಒಂದು ಸಣ್ಣ ಚಮಚ ಎಣ್ಣೆಗೆ ಸುಮಾರು 40 ಕ್ಯಾಲೊರಿ, ಒಂದು ಮೊಟ್ಟೆಗೆ 70, ಒಂದು ದೊಡ್ಡ ಚಮಚ ನುಣ್ಣಗೆ ಅರೆದ ಕಡಲೆಕಾಯಿಗೆ 90ರ ಮೇಲೆ. ಬೇಳೆ, ಕಾಳಿನ ಜೊತೆ ನಿಂಬೆ, ಟೊಮೆಟೊ, ಸೀಬೆ ಏನಾದ್ರೂ ಇರಲಿ, ಸಿ ಜೀವಸತ್ವ ಇದ್ರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತೆ. ಊಟದ ಜೊತೆ ಚಹಾ ಕೊಡಲೇಬೇಡಿ.

ಅರಿವಿನಂಗಳ
ಕಡಲೆಕಾಯಿ ಮೂರು ವರ್ಷದವರೆಗೆ ಬೇಡ ಅಲ್ವಾ? ಅಲರ್ಜಿ.

ಲೇಬಲ್‌ಓದುಗ
ಅದು ಹಳೇ ಸಲಹೆ. 2015ರಲ್ಲಿ ಬಂದ ಲೀಪ್ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ 640 ಶಿಶುಗಳನ್ನ ಎರಡು ಗುಂಪು ಮಾಡಿದ್ರು. 4ರಿಂದ 11 ತಿಂಗಳ ನಡುವೆ ತಿನ್ನೋಕೆ ಶುರುಮಾಡಿದ ಗುಂಪಲ್ಲಿ, ಐದು ವರ್ಷದ ಹೊತ್ತಿಗೆ ಅಲರ್ಜಿ ತುಂಬಾ ಕಡಿಮೆ ಇತ್ತು. ತಡ ಮಾಡೋದೇ ಅಪಾಯ ಅಂತ ಆಯ್ತು. ತೀವ್ರ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸೋ ತೊಂದರೆ) ಅಥವಾ ಮೊಟ್ಟೆ ಅಲರ್ಜಿ ಇರೋ ಮಗುವಿಗೆ ಮಾತ್ರ ವೈದ್ಯರನ್ನ ಕೇಳಿಯೇ ಶುರುಮಾಡಿ.

ಚಮಚಪುರಾಣ
ನುಣ್ಣಗೆ ಅರೆದು, ನೀರಾಗಿಸಿ. ಇಡೀ ಕಾಳು ಐದು ವರ್ಷದವರೆಗೆ ಬೇಡ, ಅದು ಅಲರ್ಜಿಗಲ್ಲ, ಉಸಿರುನಾಳಕ್ಕೆ. ದ್ರಾಕ್ಷಿಯನ್ನ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡ ಹೆಚ್ಚಿದ್ರೆ ಬಿರಡೆ ತಯಾರಾದ ಹಾಗೆ. ಹಸಿ ಕ್ಯಾರೆಟ್ ತುರಿದು ಕೊಡಿ ಅಥವಾ ಬೆರಳಲ್ಲಿ ಒತ್ತಿದ್ರೆ ನುಗ್ಗಾಗೋಷ್ಟು ಬೇಯಿಸಿ. ಓಕರಿಸೋ ಮಗು ಸದ್ದು ಮಾಡುತ್ತೆ, ಮುಖ ಕೆಂಪಾಗುತ್ತೆ, ತಾನೇ ಹೊರಗೆ ಹಾಕುತ್ತೆ. ಆಗ ಬಾಯಿಗೆ ಬೆರಳು ಹಾಕಬೇಡಿ. ಉಸಿರು ಕಟ್ಟಿದ ಮಗು ಸದ್ದೇ ಮಾಡಲ್ಲ. ಅದಕ್ಕೇ ತಿನ್ನುವಾಗ ಒಬ್ಬರು ಎದುರಿಗೆ ಕೂತಿರ್ಬೇಕು ಅನ್ನೋದು.

ಸಂಜೆಮಲ್ಲಿಗೆ
ಜ್ವರ ಬಂದಾಗ ಹೊತ್ತಿನ ನಿಯಮ ಏನು?

ಬೆಳವಣಿಗೆರೇಖೆ
ಜ್ವರದ ದಿನಗಳಲ್ಲಿ ನಿಯಮ ಇಲ್ಲ. ದ್ರವ ಮುಖ್ಯ, ಊಟ ಆದಷ್ಟು. ಎದೆಹಾಲು ಕುಡಿಯೋ ಮಗುವಿಗೆ ಹೆಚ್ಚು ಸಲ ಹಾಲುಣಿಸಿ. ಆರು ಗಂಟೆ ಮೂತ್ರ ಹೋಗದಿದ್ರೆ ವೈದ್ಯರ ಬಳಿ ಹೋಗಿ. ವಾಸಿಯಾದ ಮೇಲೆ ಒಂದೆರಡು ವಾರ ಹಸಿವು ಜೋರಾಗಿರುತ್ತೆ, ಆಗ ದಿನಕ್ಕೆ ಒಂದು ಊಟ ಹೆಚ್ಚು ಸೇರಿಸಿ, ಕಳೆದ ತೂಕ ವಾಪಸ್ ಬರೋದು ಆಗಲೇ. ಆದ್ರೆ ಜ್ವರದಲ್ಲಿ ಶುರುವಾದ ಮೊಬೈಲು, ರಾತ್ರಿ ಬಾಟಲಿ ಎರಡನ್ನೂ ಜ್ವರದ ಜೊತೆಗೇ ಕಳಿಸಿ. ಒಂದು ವಾರ ತಡವಾದ್ರೆ ಬಿಡಿಸೋಕೆ ತಿಂಗಳು ಬೇಕು.

ಕಡೆಬೆಂಚು
ಹಾಳೆ ಒಂದೇ ಅಂದಿದ್ರಿ. ಅಕ್ಷರ ಎಷ್ಟು ಸಣ್ಣದು ಮಾಡ್ತೀರೋ ನೋಡ್ಬೇಕು.